ಒದ್ದೆ ಮರಳಲ್ಲಿ ಹೊಡೆದ ಗೂಟ

ಶನಿವಾರ ಬೆಳಿಗ್ಗೆ ಟಾರ್ಪಾಲು ಅಂಗಡಿಯ ಮುಂದೆ ಒಂದು ಟ್ರ್ಯಾಕ್ಟರ್ ಇಟ್ಟಿಗೆ ಇಳಿಯಿತು. ಗಾರೆ ಕೆಲಸದ ಚಿಕ್ಕಬೋರಯ್ಯ ಒಳಗೆ ಬಂದು, ಸುಣ್ಣ ಸವರಿದ ದಾರವನ್ನು ಮುಂಬಾಗಿಲಿಂದ ಹಿಂದಿನ ಗೋಡೆಯವರೆಗೆ ಎಳೆದು ಚಿಮ್ಮಿಸಿದ. ನೆಲದ ನಟ್ಟನಡುವೆ ಬಿಳಿ ಗೆರೆ ಬಿತ್ತು.

"ಸೋಮವಾರ ಬರ್ತೀನಿ ಕಣಮ್ಮ. ನಾಕೂವರೆ ಇಂಚಿನ ಗೋಡೆ, ಎರಡು ದಿನದ ಕೆಲಸ" ಎಂದು ಬೀಬಿಜಾನಳಿಗೆ ಹೇಳಿ ಹೋದ.

ಬೀಬಿಜಾನ್ ಗೆರೆಯನ್ನೇ ನೋಡುತ್ತಾ ನಿಂತಳು. ಕುಣಿಗಲ್ಲಿನ ಹಳೇ ಹೆದ್ದಾರಿಯ ಪಕ್ಕದ ಆ ಅಂಗಡಿಯಲ್ಲಿ ಅವಳು ನಲವತ್ತು ವರ್ಷ ಟಾರ್ಪಾಲು ಕತ್ತರಿಸಿದ್ದಳು. ನೆಲ ಮೂವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲ. ಲಾರಿಯ ಟಾರ್ಪಾಲನ್ನು ಪೂರ್ತಿ ಹಾಸಿದರೇನೇ ಅಳತೆ ಸಿಗುವುದು, ಹಾಸಿದರೇನೇ ಕತ್ತರಿ ಓಡುವುದು. ನಡುವೆ ಗೋಡೆ ಬಂದರೆ ಇಬ್ಬರು ಮಕ್ಕಳಿಗೂ ಹತ್ತಡಿಯ ಒಂದೊಂದು ಓಣಿ ಉಳಿಯುತ್ತದೆ. ಓಣಿಯಲ್ಲಿ ಕೂತು ಆಟೋ ಪರದೆ ಹೊಲಿಯಬಹುದು, ಲಾರಿಯ ಕೆಲಸಕ್ಕೆ ಅಲ್ಲಿಗೆ ಸಲಾಮು. ಇದು ಮಕ್ಕಳಿಗೂ ಗೊತ್ತಿತ್ತು. ಗೊತ್ತಿದ್ದೇ ಇಟ್ಟಿಗೆ ತರಿಸಿದ್ದರು. ದ್ವೇಷ ಅಂದರೆ ಅದೇ ತಾನೆ, ತನ್ನ ಒಂದು ಕಣ್ಣು ಹೋದರೂ ಸರಿ, ಅವನ ಎರಡೂ ಹೋಗಲಿ ಅನ್ನುವುದು.

ದೊಡ್ಡವನು ಏಜಾಜ್ ಅಹಮದ್, ಹೊಲಿಗೆ ಮೆಷಿನ್ ಅವನದು. ಚಿಕ್ಕವನು ನಾಸಿರ್, ಗಿರಾಕಿ ವ್ಯವಹಾರ ಅವನದು. ಒಂದೂವರೆ ವರ್ಷದ ಹಿಂದೆ ಅಮೃತೂರಿನ ಕೊಬ್ಬರಿ ವ್ಯಾಪಾರಿ ಸಂಗಮೇಶನ ಒಂದು ಲೋಡು ಮಳೆಗೆ ನೆಂದು ಬೂಸಲು ಹಿಡಿಯಿತು. ಅವನು ಅಂಗಡಿಗೆ ಬಂದು ಕೂಗಾಡಿದ. "ಇವ್ನು ತಂದ ಬಟ್ಟೆ ಕಳಪೆ" ಎಂದ ಏಜಾಜ್. "ಇವ್ನು ಹಾಕಿದ ಹೊಲಿಗೆ ಕಳಪೆ" ಎಂದ ನಾಸಿರ್. ಗಿರಾಕಿಯ ಎದುರಿಗೇ ಒಬ್ಬ "ಕಳ್ಳ" ಅಂದ, ಇನ್ನೊಬ್ಬ "ಕೈಲಾಗದವ್ನು" ಅಂದ. ಮನೆಯಲ್ಲಿ ಅವರದು ಉರ್ದು. ಜಗಳ ಮಾತ್ರ ಕನ್ನಡದಲ್ಲಿ, ಬೀದಿಯವರಿಗೂ ತಿಳಿಯಲಿ ಅಂತ. ಅಂದಿನಿಂದ ಒಬ್ಬರಿಗೊಬ್ಬರು ನೇರ ಮಾತಿಲ್ಲ. ಏನಿದ್ದರೂ ತಾಯಿಯ ಮೂಲಕ, "ಅವ್ನಿಗೆ ಹೇಳಿ", "ಇವ್ನಿಗೆ ಹೇಳಿ."

ಟಾರ್ಪಾಲನ್ನು ಒಬ್ಬನೇ ಮಡಚಲು ಆಗುವುದಿಲ್ಲ. ಎರಡು ತುದಿ ಇಬ್ಬರು ಹಿಡಿದು, ಎದುರುಬದುರು ನಡೆದು ಬಂದು, ಮೂಲೆ ಕೈಗೆ ಕೊಟ್ಟು, ಮತ್ತೆ ಹಿಂದಕ್ಕೆ ಹೋಗಬೇಕು. ಅವರ ಅಬ್ಬಾ ಇದ್ದಾಗ ಕೂಗಿ ಕೂಗಿ ಮಕ್ಕಳಿಗೆ ಕಲಿಸಿದ್ದರು: "ಹಿಡಿ! ಬಾ! ಕೊಡು! ಹೋಗು!" ಈಗ ಏಜಾಜ್ ತನ್ನ ಹೆಂಡತಿ ಜೈಬಾಳ ಜೊತೆ ಮಡಚುತ್ತಿದ್ದ, ನಾಸಿರ್ ತನ್ನ ಹೆಂಡತಿ ಸೈಮಾಳ ಜೊತೆ.

ಅಂಗಡಿ ಬೀಬಿಜಾನಳ ಹೆಸರಲ್ಲಿತ್ತು. ಗೋಡೆ ಬೇಡ ಅಂತ ಒಂದು ಮಾತು ಹೇಳಿದ್ದರೆ ಗೋಡೆ ಏಳುತ್ತಿರಲಿಲ್ಲ. ಆದರೆ ಗೋಡೆ ಏಳದಿದ್ದರೆ ಗುಬ್ಬಿಗೆ, ಹೆಂಡತಿಯ ತವರಿಗೆ ಹೋಗಿ ಬೇರೆ ಅಂಗಡಿ ಇಡುತ್ತೇನೆ ಅಂತ ನಾಸಿರ್ ಕೂತಿದ್ದ. ಬಲವಂತಕ್ಕೆ ಕಟ್ಟಿದ ಜೋಡಿ ನೊಗ ಮುರಿಯುತ್ತದೆ, ಹೊಲ ಉಳುವುದಿಲ್ಲ. ಅದಕ್ಕೇ ಅವಳು ಬೇಡ ಅನ್ನಲಿಲ್ಲ. ಬೇರೆಯದೇ ಒಂದು ಮಾತು ಕೇಳಿದಳು.

"ಗೋಡೆ ಕಟ್ಕೊಳಿ. ಅದಕ್ಕೆ ಮುಂಚೆ ನನಗೆ ಸಮುದ್ರ ತೋರಿಸಿ. ನಿಮ್ಮಬ್ಬಾ ತೋರಿಸ್ತೀನಿ ತೋರಿಸ್ತೀನಿ ಅಂತ್ಲೇ ಹೋದ್ರು. ನಾನು ಹೊಲಿದ ಟಾರ್ಪಾಲೆಲ್ಲ ಈ ರೋಡಲ್ಲಿ ಮಂಗಳೂರಿಗೆ ಹೋಗಿ ಸಮುದ್ರ ನೋಡ್ಕೊಂಡು ಬಂದವೆ, ನಾನೊಬ್ಳು ನೋಡಿಲ್ಲ. ಎಲ್ಲಾರೂ ಒಟ್ಟಿಗೆ ಬರ್ಬೇಕು. ಇಲ್ಲ ಅಂದ್ರೆ ಗೋಡೆ ಕಾಗದಕ್ಕೆ ನನ್ನ ಹೆಬ್ಬೆಟ್ಟು ಇಲ್ಲ."

"ಅಷ್ಟು ಖರ್ಚು ಯಾರು ಮಾಡ್ತಾರೆ, ಅವ್ರನ್ನ ಕೇಳಿ" ಎಂದಳು ಜೈಬಾ. ಅವಳು ತುಮಕೂರು ಸಿಟಿಯವಳು, ಮಾತಿಗೆ ಮೊದಲು ಖರ್ಚು ಬರುತ್ತಿತ್ತು.

"ಖರ್ಚು ಏನ್ಲೇ? ನಮಗೆ ಮೂವರು ಹೆಂಗಸ್ರಿಗೂ ಆಧಾರ್ ತೋರ್ಸಿದ್ರೆ ಬಸ್ ಫ್ರೀ. ಊಟ ಮನೇದು. ನೆರಳಿಗೆ ನಿಮ್ಮ ಮಾವ ಹೊಲಿದ ಕೊನೇ ಟಾರ್ಪಾಲು. ಆಟಕ್ಕೆ ಅಂಗಡಿ ಹಗ್ಗ. ಸಮುದ್ರಕ್ಕೆ ಟಿಕೆಟ್ ಇಲ್ಲ."

ಶನಿವಾರ ರಾತ್ರಿಯ ಬಸ್ಸಿಗೆ ಹೊರಟರು. ಏಜಾಜ್ ಡ್ರೈವರ್ ಹಿಂದಿನ ಸೀಟು, ನಾಸಿರ್ ಕೊನೇ ಸೀಟು. ಹೆಂಗಸರು, ಮೂರು ಮಕ್ಕಳು ನಡುವೆ. ಟಾರ್ಪಾಲಿಗೆ ಲಗೇಜು ಕೊಡಿ ಅಂತ ಕಂಡಕ್ಟರು ನಿಂತ. ಹಾಸಿಗೆಗೆ ಯಾವ ಲಗೇಜು ಅಂತ ಬೀಬಿಜಾನ್ ಅದನ್ನು ಕಾಲಡಿ ಹಾಸಿ ಅದರ ಮೇಲೆ ಮಕ್ಕಳನ್ನು ಮಲಗಿಸಿದಳು. ಕಂಡಕ್ಟರು "ಫ್ರೀ ಬಸ್ಸು, ಫ್ರೀ ಮಂಚ" ಎಂದು ಗೊಣಗಿ ಮುಂದೆ ಹೋದ.

ಬೆಳಿಗ್ಗೆ ಸುರತ್ಕಲ್ ಕಡೆಯ ಒಂದು ಕಡಲ ದಂಡೆಗೆ ಬಂದರು. ಸರ್ವೆ ತೋಪು ದಾಟಿದ್ದೇ ತಡ, ಮಕ್ಕಳು ಚಪ್ಪಲಿ ಬಿಟ್ಟು ಓಡಿದವು. ಬೀಬಿಜಾನ್ ನಿಂತುಬಿಟ್ಟಳು. ಕುಣಿಗಲ್ ಕೆರೆ ದೊಡ್ಡದು ಅಂತ ಅವಳು ತಿಳಿದಿದ್ದಳು. ಇದಕ್ಕೆ ಆಚೆ ದಡವೇ ಇರಲಿಲ್ಲ.

"ಆಚೆ ಏನಿದೆ?" ಎಂದು ಕೇಳಿದಳು.

"ದುಬೈ" ಎಂದ ನಾಸಿರ್.

"ಗೊತ್ತಿಲ್ಲದೆ ಇದ್ರೆ ಸುಮ್ನಿರ್ಬೇಕು ಅಂತ ಅವ್ನಿಗೆ ಹೇಳಿ" ಎಂದ ಏಜಾಜ್.

ದಂಡೆಯಲ್ಲಿ ದುಡ್ಡಿನ ಆಟಗಳಿಗೇನೂ ಕಮ್ಮಿಯಿರಲಿಲ್ಲ. ಯಂತ್ರದ ದೋಣಿ, ನೀರಿನ ಮೇಲೆ ಹಾರುವ ಸ್ಕೂಟರು, ಒಂದು ಬಡಕಲು ಕುದುರೆ. ಕುದುರೆಯವನು "ಒಂದು ರೌಂಡು ನೂರೈವತ್ತು" ಎಂದು ಬೆನ್ನು ಬಿದ್ದ. ಜೈಬಾ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ನಾವು ಕುಣಿಗಲ್ಲಿನವ್ರಪ್ಪ. ಸ್ಟಡ್ ಫಾರಂ ಕುದುರೆ ಬೇಲಿ ಮೇಲಿಂದ ಬಿಟ್ಟಿ ನೋಡ್ತೀವಿ. ಇದು ಕುದುರೇನಾ? ಇದನ್ನ ನಾವೇ ಹೊತ್ಕೊಂಡು ಹೋಗ್ಬೇಕು." ಸೈಮಾ ಬಾಯಿಗೆ ಸೆರಗು ಹಿಡಿದು ನಕ್ಕಳು. ವಾರಗಿತ್ತಿ ನಗುವುದು ಕಂಡದ್ದೇ ಜೈಬಾ ಮುಖ ಗಂಟಿಕ್ಕಿಕೊಂಡಳು.

ನೆರಳು ಕಟ್ಟುವ ಕೆಲಸ ಬಂತು. ತೋಪಿನ ಅಂಚಲ್ಲಿ ಬಿದ್ದಿದ್ದ ಎರಡು ಕೋಲು ತಂದರು. ಮೇಲಿನ ಒಣ ಮರಳಲ್ಲಿ ಏಜಾಜ್ ಕಬ್ಬಿಣದ ಗೂಟ ಹೊಡೆದ. ಬೆರಳಲ್ಲಿ ಎಳೆದರೆ ಎದ್ದು ಬಂತು. ಅವರ ಅಬ್ಬಾ ವರ್ಷಕ್ಕೊಮ್ಮೆ ಎಲ್ಲರನ್ನೂ ಮಾರ್ಕೋನಹಳ್ಳಿ ಡ್ಯಾಮಿಗೆ ಕರಕೊಂಡು ಹೋಗಿ, ನೀರಿನ ಅಂಚಿನ ಹಸಿ ಮಣ್ಣಲ್ಲಿ ಗೂಟ ಹೊಡೆದು ನೆರಳು ಕಟ್ಟುತ್ತಿದ್ದರು. ಅಲ್ಲಿ ಗೂಟ ಅಲ್ಲಾಡುತ್ತಿರಲಿಲ್ಲ.

"ಕೆಳಗೆ ಒದ್ದೆ ಮರಳಲ್ಲಿ ಹೊಡೆದ್ರೆ ನಿಲ್ಲುತ್ತೆ" ಎಂದ ಏಜಾಜ್, ಯಾರಿಗೂ ಅಲ್ಲದ ಹಾಗೆ.

"ಹೂಂ, ಅದು ಸರಿ" ಎಂದ ನಾಸಿರ್, ಅವನೂ ಯಾರಿಗೂ ಅಲ್ಲದ ಹಾಗೆ.

ಗೋಡೆಯದ್ದು ಬಿಟ್ಟರೆ ಒಂದೂವರೆ ವರ್ಷದಲ್ಲಿ ಇಬ್ಬರೂ ಒಪ್ಪಿದ ಒಂದೇ ಮಾತು ಅದು. ಅದೂ ತಪ್ಪು ಮಾತು.

ಕೆಳಗಿನ ಒದ್ದೆ ಮರಳಲ್ಲೇ ಗೂಟ ಹೊಡೆದು ಟಾರ್ಪಾಲು ಕಟ್ಟಿದರು. ಚುರುಮುರಿ ಮಾರುವ ಹೆಂಗಸೊಬ್ಬಳು ಹೋಗುತ್ತಾ ನಿಂತು, "ಇಲ್ಲಿ ಬೇಡ, ಮಧ್ಯಾಹ್ನಕ್ಕೆ ನೀರು ಮೇಲೆ ಬರ್ತದೆ" ಎಂದಳು. ನೀರು ಆಗ ಇಪ್ಪತ್ತು ಮಾರು ದೂರದಲ್ಲಿತ್ತು. "ಬಂದ್ರೆ ಒಳ್ಳೇದಾಯ್ತು, ಕೈ ತೊಳ್ಯಕ್ಕೆ ಹತ್ರ" ಎಂದ ನಾಸಿರ್. ಕೆರೆಯ ನೀರು ಮಳೆಗಾಲದಲ್ಲಿ ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಬೆಳಿಗ್ಗೆ ಒಂದು ಕಡೆ, ಮಧ್ಯಾಹ್ನ ಒಂದು ಕಡೆ ಇರುವ ನೀರನ್ನು ಕುಣಿಗಲ್ಲಿನಲ್ಲಿ ಯಾರು ಕಂಡಿದ್ದರು? ಬೀಬಿಜಾನಳಿಗೂ ಆ ಮಾತು ತಲೆಗೆ ಹೋಗಲಿಲ್ಲ. ಅವಳ ತಲೆಯಲ್ಲಿ ಇದ್ದದ್ದು ಆಟ. ಕೂಡಿ ಕುಣಿದರೆ ಮೈ ಸಡಿಲವಾಗುತ್ತದೆ, ಮೈ ಸಡಿಲವಾದರೆ ಬಾಯಿ ಸಡಿಲವಾಗುತ್ತದೆ ಎಂದು ಅವಳ ಲೆಕ್ಕ. ಮದುವೆ ಮನೆಗಳಲ್ಲಿ ಅದು ನಡೆಯುವುದನ್ನು ನೋಡಿದ್ದಳು.

ಮೊದಲು ಲಗೋರಿ. ದಂಡೆಯಲ್ಲಿ ಚಪ್ಪಟೆ ಕಲ್ಲು ಆರಿಸಿ ಏಳು ಪೇರಿಸಿದರು. ಏಜಾಜನ ಮನೆ ಒಂದು ಕಡೆ, ನಾಸಿರನ ಮನೆ ಒಂದು ಕಡೆ. ಕಲ್ಲು ಬಿದ್ದದ್ದು ಎರಡೇ ಸಲ. ಆಮೇಲೆ ಯಾರೂ ಕಲ್ಲಿನ ಕಡೆ ನೋಡಲೇ ಇಲ್ಲ. ನಾಸಿರ್ ಚೆಂಡನ್ನು ಅಣ್ಣನ ಬೆನ್ನಿಗೆ ಹೊಡೆದ ಏಟಿಗೆ ಟಪ್ ಅಂತ ಸದ್ದು ಬಂತು. ಏಜಾಜ್ ತಿರುಗಿ ತಮ್ಮನ ಕಿವಿಗೇ ಗುರಿಯಿಟ್ಟ. ಮಕ್ಕಳು ಹೆದರಿ, ಆಟ ಬಿಟ್ಟು, ಮೇಲಿನ ಒಣ ಮರಳಲ್ಲಿ ಗುಂಡಿ ತೋಡಲು ಹೋದವು. ಖರ್ಚಿಲ್ಲದ ಆಟ ಬಲ್ಲವರು ಮಕ್ಕಳೇ. ಚಿಪ್ಪು, ತೆಂಗಿನ ಗರಟೆ, ಮರಳು ಸಿಕ್ಕರೆ ಸಂಜೆಯವರೆಗೂ ಯಾರ ಹಂಗೂ ಬೇಡ.

"ಬ್ಯಾಡ ಬುಡಿ ಚೆಂಡು" ಎಂದು ಬೀಬಿಜಾನ್ ಹಗ್ಗ ತೆಗೆದಳು. ಹಗ್ಗಜಗ್ಗಾಟ. ಜೈಬಾ, ಏಜಾಜ್ ಒಂದು ತುದಿ. ಸೈಮಾ, ನಾಸಿರ್ ಒಂದು ತುದಿ. ಅದು ಆಟವಾಗಿ ಅರ್ಧ ನಿಮಿಷವೂ ಇರಲಿಲ್ಲ. ಹಲ್ಲು ಕಚ್ಚಿ, ಹಿಮ್ಮಡಿ ಹೂತು, ನಾಲ್ವರೂ ಒಂದೂವರೆ ವರ್ಷದ್ದನ್ನೆಲ್ಲ ಎಳೆದರು.

"ನೋಡ್ಕೊಂಡು ಎಳಿಯೇ, ಗುಬ್ಬೀಲಿ ಊಟ ಹಾಕ್ಲಿಲ್ವಾ ನಿಂಗೆ?" ಎಂದಳು ಜೈಬಾ.

"ನಮ್ಮೂರಲ್ಲಿ ಹಾಕಿದ್ರು. ಇಲ್ಲಿಗೆ ಬಂದ್ಮೇಲೆ ನೀವು ಹಾಕಿದ್ದಷ್ಟೇ ಕಾಣ್ತಿರೋದು ಭಾಬಿ" ಎಂದಳು ಸೈಮಾ.

ಏಜಾಜ್ ಬೇಕೆಂದೇ ಹಗ್ಗ ಕೈಬಿಟ್ಟ. ಜೈಬಾ ಮುಗ್ಗರಿಸಿದಳು. ಆಚೆ ಕಡೆ ನಾಸಿರ್ ಹೆಂಡತಿಯ ಮೇಲೇ ಮಲಗಿದ ಹಾಗೆ ಬಿದ್ದ. ಎದ್ದವನು ಅಂಗೈ ನೋಡಿಕೊಂಡ, ಚರ್ಮ ಕಿತ್ತು ರಕ್ತ ಬಂದಿತ್ತು.

"ಅಮ್ಮಿ, ಸೋಮವಾರ ಯಾಕೆ? ಚಿಕ್ಕಬೋರಯ್ಯಂಗೆ ಫೋನ್ ಮಾಡಿ, ಇವತ್ತೇ ಕಟ್ಲಿ."

"ಸೂರಿನವರ್ಗೂ ಕಟ್ಟು ಅಂತ ಹೇಳಿ ಅವ್ನಿಗೆ. ಗಾಳೀನೂ ಬರ್ಬಾರ್ದು ಆ ಕಡೆಯಿಂದ" ಎಂದ ಏಜಾಜ್.

ಊಟ ಎರಡು ಚಾಪೆಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಆಯಿತು. ಬೇಯಿಸಿದ ಮೊಟ್ಟೆ, ಪುದೀನ ಚಟ್ನಿ, ಚಪಾತಿ. ಯಾರಿಗೂ ರುಚಿ ಹತ್ತಲಿಲ್ಲ. ಉಂಡ ಮೇಲೆ ಒಬ್ಬ ಉತ್ತರಕ್ಕೆ, ಒಬ್ಬ ದಕ್ಷಿಣಕ್ಕೆ ದಂಡೆ ಹಿಡಿದು ನಡೆದರು. ವಾರಗಿತ್ತಿಯರು ಟಾರ್ಪಾಲಿನ ಎರಡು ಕೊನೆಯಲ್ಲಿ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಮುಖ ಮಾಡಿ ಮಲಗಿದರು. ಬೀಬಿಜಾನ್ ನಡುವೆ ಕೂತು ಸಮುದ್ರ ನೋಡಿದಳು. ಆಟವಾಡಿಸಿ ಗೋಡೆಯನ್ನು ಇನ್ನೆರಡು ಅಡಿ ಎತ್ತರಿಸಿದವಳು ನಾನೇ ಅನ್ನಿಸಿತು. ರಾತ್ರಿಯ ಬಸ್ಸಿನ ಆಯಾಸ ಕಣ್ಣು ಎಳೆಯಿತು.

ಎಚ್ಚರವಾದದ್ದು ಕಾಲು ತಣ್ಣಗಾದಾಗ. ಊಟದ ಡಬ್ಬಿ ತೇಲುತ್ತಿತ್ತು. ಜೈಬಾಳ ಚಪ್ಪಲಿ ಆಗಲೇ ಹತ್ತು ಮಾರು ಹೋಗಿತ್ತು. "ಏಳ್ರೇ!" ಎಂದು ಬಾಯಿ ತೆಗೆಯುವಷ್ಟರಲ್ಲಿ ಎರಡನೇ ಅಲೆ ಬಂತು. ಒದ್ದೆ ಮರಳಲ್ಲಿ ಕಲ್ಲಿನ ಹಾಗೆ ನಿಂತಿದ್ದ ಗೂಟಗಳು, ನೀರು ತುಂಬಿದ ಮರಳಲ್ಲಿ ಗಂಜಿಯಲ್ಲಿಟ್ಟ ಚಮಚದ ಹಾಗೆ ಎದ್ದುಬಂದವು. ಕೋಲು ಬಿತ್ತು. ಟಾರ್ಪಾಲು ಅವಳ ತಲೆಯ ಮೇಲೆ ಕವುಚಿತು. ಕತ್ತಲೆ, ಉಪ್ಪು ನೀರು, ಬಟ್ಟೆಗೆ ಬಳಿದ ಮೇಣದ ವಾಸನೆ. ನೀರು ಹಿಂದಕ್ಕೆ ಹೋಗುವಾಗ ಬಟ್ಟೆಯ ಜೊತೆ ಅವಳನ್ನೂ ಎಳೆಯಿತು.

ಎರಡು ಕೈ ಅವಳ ಎಡ ತೋಳು ಹಿಡಿದವು. ಎರಡು ಬಲ ತೋಳು.

"ತಲೆ ಮೊದ್ಲು ಬಿಡ್ಸು, ಕಾಲು ಆಮೇಲೆ!" ಜೈಬಾಳ ದನಿ.

"ಗೊತ್ತು ಭಾಬಿ, ನೀವು ಕೂಗ್ಬೇಡಿ, ಎಳೀರಿ!"

ಬೀಬಿಜಾನಳನ್ನು ಒಣ ಮರಳಿಗೆ ತಂದು ಕೂರಿಸಿದರು. ಮಕ್ಕಳು ಗುಂಡಿ ಬಿಟ್ಟು ಓಡಿ ಬಂದವು, ಎಣಿಸಿದಳು, ಮೂರೂ ಇದ್ದವು. ಆಮೇಲೆ ಕಡಲ ಕಡೆ ನೋಡಿದಳು. ಗಂಡ ಹೊಲಿದ ಕೊನೇ ಟಾರ್ಪಾಲು ಎಮ್ಮೆಯ ಹಾಗೆ ಬೆನ್ನೆತ್ತಿ ನೀರಿಗೆ ಹೋಗುತ್ತಿತ್ತು.

ಉತ್ತರದಿಂದ ಒಬ್ಬ, ದಕ್ಷಿಣದಿಂದ ಒಬ್ಬ ಓಡಿ ಬಂದು ನೀರಿಗೆ ಬಿದ್ದರು. ಸೊಂಟದ ನೀರಿನಲ್ಲಿ ಒಬ್ಬೊಬ್ಬ ಒಂದೊಂದು ಮೂಲೆ ಹಿಡಿದು ತಂತಮ್ಮ ಕಡೆಗೇ ಜಗ್ಗಿದರು. ನೀರು ತುಂಬಿದ ಟಾರ್ಪಾಲು ಅಲ್ಲಾಡಲಿಲ್ಲ.

"ಬಿಡ್ಲಾ, ನಾ ಎಳೀತೀನಿ!"

"ನೀನೇ ಬಿಡು! ಒದ್ದೆ ಮರಳಲ್ಲಿ ಗೂಟ ಹೊಡೆಸಿದ ಜಾಣ!"

"ಹೂಂ ಅಂದೋನು ಯಾವ ಕತ್ತೆ?"

ಒಂದೂವರೆ ವರ್ಷದ ಮೇಲೆ ನೇರವಾಗಿ ಆಡಿಕೊಂಡ ಮಾತುಗಳು ಅವು. ಬೀಬಿಜಾನ್ ಎದ್ದು ನಿಂತಳು. ಅವಳ ಬಾಯಿಂದ ಬಂದದ್ದು ಗಂಡನ ಕೂಗು.

"ಜಗ್ಬೇಡ್ರೋ! ನೀರು ಸುರೀರಿ! ಒಂದು ಅಂಚು ಎತ್ತಿ! ಹಿಡಿ! ಬಾ!"

ಕೋಪ ತಲೆಯಲ್ಲಿರುತ್ತದೆ, ಕಸುಬು ಕೈಯಲ್ಲಿರುತ್ತದೆ. ಅಂಚು ಎದ್ದಿತು, ನೀರು ದಬದಬ ಸುರಿಯಿತು. "ಕೊಡು!" ಎಂದಳು. ಏಜಾಜ್ ಮೂಲೆ ಕೊಟ್ಟ. "ಹೋಗು!" ಎಂದಳು. ನಾಸಿರ್ ಹೋದ. ಎರಡು ಮಡಿಕೆಯಾದ ಮೇಲೆ ಟಾರ್ಪಾಲು ಅವರ ಮಾತು ಕೇಳಿತು. ದಡಕ್ಕೆ ತಂದು ಹಾಕಿ ಇಬ್ಬರೂ ನಾಯಿಯ ಹಾಗೆ ಏದುಸಿರು ಬಿಟ್ಟರು.

ಈಗ ತಬ್ಬಿಕೊಳ್ಳುತ್ತಾರೆ ಅಂತ ಬೀಬಿಜಾನ್ ಒಂದು ಗಳಿಗೆ ಕಾದಳು.

"ಅಮ್ಮಿಗೆ ಏನಾದ್ರೂ ಆಗಿದ್ರೆ ನಿನ್ನ ಸುಮ್ನೆ ಬಿಡ್ತಿರ್ಲಿಲ್ಲ" ಎಂದ ಏಜಾಜ್. "ಅಮ್ಮೀನ ಬಿಟ್ಟು ಮೊದ್ಲು ಎದ್ದು ಹೋದೋನು ನೀನು" ಎಂದ ನಾಸಿರ್. ಸೈಮಾಳ ಫೋನು ನೀರುಪಾಲಾಗಿತ್ತು, ಜೈಬಾಳ ಚಪ್ಪಲಿ ದುಬೈ ಹಾದಿ ಹಿಡಿದಿತ್ತು. ಅದಕ್ಕೂ ಒಂದು ಸುತ್ತು ನಡೆಯಿತು. ತಬ್ಬಿಕೊಳ್ಳುವ ಮಾತು ಎಲ್ಲಿ ಬಂತು.

ಆದರೆ ಬೀಬಿಜಾನ್ ಅವರ ಮುಖ ನೋಡುವುದನ್ನು ಬಿಟ್ಟು ಕೈ ನೋಡುತ್ತಿದ್ದಳು. ನೀರಿನಲ್ಲಿ ಕೆಲಸ ಮಾಡುವಾಗ ಅವರ ನಡುವೆ ಉಬ್ಬಿದ ಟಾರ್ಪಾಲು ಇತ್ತು. ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಅವಳಿಗೆ ಏನೋ ಹೊಳೆಯಿತು.

ವಾಪಸ್ ಬಸ್ಸಿನ ಕಂಡಕ್ಟರು ನೀರು ಸೋರುವ ಟಾರ್ಪಾಲು ಕಂಡು ಹಾರಾಡಿದ. ಈ ಸಲ ಲಗೇಜು ಕೊಡಲೇಬೇಕಾಯಿತು.

ಸೋಮವಾರ ಬೆಳಿಗ್ಗೆ ಚಿಕ್ಕಬೋರಯ್ಯ ಕರಣೆ ಹಿಡಿದು ಬಂದಾಗ ಅಂಗಡಿಯ ನಡುವೆ, ಮುಂಬಾಗಿಲ ತೊಲೆಯಿಂದ ಹಿಂದಿನ ಗೋಡೆಯ ಕೊಂಡಿಗೆ, ಸರಿಯಾಗಿ ಅವನ ಬಿಳಿ ಗೆರೆಯ ಮೇಲೆ ಹಗ್ಗ ಬಿಗಿದಿತ್ತು. ಅದರ ಮೇಲೆ ಇಪ್ಪತ್ತನಾಲ್ಕು ಅಡಿಯ ಟಾರ್ಪಾಲು ತೂಗುತ್ತಿತ್ತು. ಬೀಬಿಜಾನ್ ಸೊಸೆಯರಿಬ್ಬರಿಂದ ಬೋರ್‌ವೆಲ್ ನೀರು ಹೊಯ್ಯಿಸಿ ತೊಳೆಸಿದ್ದಳು.

"ಇದೇನಮ್ಮ? ಗೋಡೆ ಎಲ್ಲಿ ಎಬ್ಬಿಸ್ಲಿ?"

"ಉಪ್ಪು ನೀರು ಕುಡಿದದೆ ಕಣಪ್ಪ. ಉಪ್ಪು ಬಿಡಿಸಿ ನೆರಳಲ್ಲಿ ಒಣಗಿಸ್ದೆ ಇದ್ರೆ ಕೊಳೆತು ಹೋಗ್ತದೆ. ಮೂರು ದಿನ ಬೇಕು. ಗುರುವಾರ ಬಾ."

"ಹಿತ್ಲಲ್ಲಿ ಒಣಗಿಸ್ಬೋದಲ್ಲ ಅಮ್ಮಿ" ಎಂದ ನಾಸಿರ್.

"ಅದು ನಿಮ್ಮಬ್ಬಾಂದು. ಅಂಗಡೀಲೇ ಒಣಗ್ತದೆ. ಮುಖ ನೋಡಕ್ಕಾಗಲ್ಲ ಅಂತಿದ್ರಲ್ಲ, ಈಗ ಕಾಣಲ್ಲ ಅಲ್ವಾ? ಈ ಕಡೆ ನೀನಿರು, ಆ ಕಡೆ ಅವ್ನಿರ್ಲಿ. ಗುರುವಾರ ಗೋಡೆ ಬೇಕು ಅಂದ್ರೆ ನಾನೇ ಮೊದಲ್ನೇ ಇಟ್ಟಿಗೆ ಇಡ್ತೀನಿ."

ಆರಡಿ ಎತ್ತರದ ಟಾರ್ಪಾಲಿನ ಆಚೆ ಮೆಷಿನ್ ಸದ್ದು, ಈಚೆ ಗಿರಾಕಿ ಸದ್ದು. ಮೊದಲ ದಿನ ಎರಡೂ ಕಡೆಯಿಂದ ಬೇಕೆಂದೇ ಜೋರಾಗಿ ಬೈಗುಳ ಹಾರಿದವು. ಮುಖ ಕಾಣದವನನ್ನು ಎಷ್ಟು ಹೊತ್ತು ಬೈಯಲು ಆಗುತ್ತದೆ? ಎರಡನೇ ದಿನ ಮಧ್ಯಾಹ್ನಕ್ಕೆ ಸುಸ್ತಾದರು.

ಬುಧವಾರ ಸಂಗಮೇಶ ಬಂದ. ಕೊಬ್ಬರಿ ನೆನೆಸಿಕೊಂಡ ಅದೇ ಸಂಗಮೇಶ. ಹೊಸ ಲಾರಿ ಹೊರಗೆ ನಿಂತಿತ್ತು.

"ಏನಮ್ಮ, ಪರದೆ ಕಟ್ಟಿದೀರ! ನಾಟಕ ಯಾವಾಗ ಶುರು?" ಎಂದು ನಕ್ಕ. "ಇಪ್ಪತ್ತೆಂಟಕ್ಕೆ ಹದಿನೆಂಟು ಬೇಕು. ಇವತ್ತೇ ಕತ್ತರಿಸಿ ಅಳತೆ ತೋರ್ಸಿ. ಹೋದ ಸಲದಂಗೆ ಸೋರಿದ್ರೆ ಈ ಸಲ ಅಣ್ಣನ್ನೂ ಬಿಡಲ್ಲ, ತಮ್ಮನ್ನೂ ಬಿಡಲ್ಲ. ಆಗಲ್ಲ ಅಂದ್ರೆ ಹೇಳಿ, ತುಮಕೂರಿಗೆ ಹೋಗ್ತೀನಿ."

ಬೀಬಿಜಾನ್ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು. ಬಾಯಿ ತುಂಬಿದ್ದರೆ ಮಾತಾಡಬೇಕಾಗಿಲ್ಲ. ಇಪ್ಪತ್ತೆಂಟಕ್ಕೆ ಹದಿನೆಂಟು ಅಂದರೆ ಪೂರ್ತಿ ನೆಲ ಬೇಕು. ಪೂರ್ತಿ ನೆಲ ಬೇಕಾದರೆ ನಡುವಿನ ಟಾರ್ಪಾಲು ಇಳಿಯಬೇಕು. ಅದರ ಹಗ್ಗದ ಒಂದು ತುದಿಯ ಗಂಟು ಏಜಾಜನ ಕಡೆಗೆ, ಇನ್ನೊಂದು ತುದಿಯದು ನಾಸಿರನ ಕಡೆಗೆ ತಿರುಗಿತ್ತು. ಅವಳೇ ಹಾಗೆ ಕಟ್ಟಿದ್ದಳು.

ಮೆಷಿನ್ ನಿಂತಿತು. ಬೀದಿಯಲ್ಲಿ ಎರಡು ಬಸ್ಸು ಹೋದವು.

"ಅಮ್ಮಿ" ಎಂದ ನಾಸಿರ್, "ಆ ಕಡೆಯೋನಿಗೆ ಹೇಳಿ, ಹಗ್ಗ ಬಿಚ್ಚು ಅಂತ."

"ಆ ಕಡೆಯೋನಿಗೆ ಕಿವಿ ಇದೆ ಅಂತ ಹೇಳಿ" ಎಂದಿತು ಟಾರ್ಪಾಲು.

ಹಗ್ಗ ಸಡಿಲವಾಯಿತು. ಟಾರ್ಪಾಲು ಧೊಪ್ಪೆಂದು ಬಿತ್ತು, ಧೂಳಿನ ಜೊತೆ ಸಣ್ಣ ಮರಳೂ ಉದುರಿತು. ಮೂರು ದಿನದ ಮೇಲೆ ಇಬ್ಬರ ಮುಖ ಎದುರುಬದುರಾದವು. ಇಬ್ಬರದೂ ಹುಳಿ ತಿಂದ ಮುಖ. ಯಾರೂ ಕೂಗಲಿಲ್ಲ. ಹಿಡಿದರು, ಬಂದರು, ಕೊಟ್ಟರು, ಹೋದರು.

"ಸೂಜಿ ನೋಡಿ ಹಾಕು ಈ ಸಲ" ಎಂದ ನಾಸಿರ್, ಮೂಲೆ ಕೊಡುವಾಗ.

"ಬಟ್ಟೆ ನೋಡಿ ತಾ ಈ ಸಲ" ಎಂದ ಏಜಾಜ್.

ಸಂಜೆಯವರೆಗೂ ಕತ್ತರಿ ಓಡಿತು. ಸಂಗಮೇಶ ಅಳತೆ ನೋಡಿ, ಮುಂಗಡ ಇಟ್ಟು ಹೋದ. ದೀಪ ಹಾಕುವ ಹೊತ್ತಿಗೆ ಬೀಬಿಜಾನ್ ನೋಡುತ್ತಾಳೆ, ಇಬ್ಬರೂ ಮಾತಿಲ್ಲದೆ ಟಾರ್ಪಾಲನ್ನು ಮತ್ತೆ ಅದೇ ಗೆರೆಯ ಮೇಲೆ ಎತ್ತಿ ಕಟ್ಟುತ್ತಿದ್ದಾರೆ. ಅದು ಪೂರ್ತಿ ಒಣಗಿತ್ತು. ಒಣಗಿದೆ ಅಂತ ಯಾರೂ ಹೇಳಲಿಲ್ಲ.

ಗುರುವಾರ ಚಿಕ್ಕಬೋರಯ್ಯ ಬಂದ. ಬೀಬಿಜಾನ್ ಅವನನ್ನು ನಿಲ್ಲಿಸಿ ಈ ಕಡೆ ಒಮ್ಮೆ, ಆ ಕಡೆ ಒಮ್ಮೆ ಕೇಳಿದಳು. "ಗೋಡೆ ಕಟ್ಲೇನ್ರೋ?"

"ಇನ್ನೂ ಒಂಚೂರು ಹಸಿ ಇದೆ" ಎಂದ ನಾಸಿರ್.

"ಅವ್ನಿಗೆ ಹಸಿ ಯಾವ್ದು ಒಣ ಯಾವ್ದು ಯಾವತ್ತು ಗೊತ್ತಾಗಿದೆ" ಎಂದ ಏಜಾಜ್. ಆದರೆ ಕಟ್ಟು ಅನ್ನಲಿಲ್ಲ.

"ಕೇಳಿದ್ಯಲ್ಲಪ್ಪ" ಎಂದಳು ಬೀಬಿಜಾನ್. "ಬಂದಿದ್ದಕ್ಕೆ ಆ ಇಟ್ಟಿಗೇಲಿ ಅಂಗಡಿ ಮುಂದೆ ಒಂದು ಜಗಲಿ ಕಟ್ಟು. ಲಾರಿಯವ್ರು ಕೂರಕ್ಕೆ ಜಾಗ ಇಲ್ಲ."

ಅವಳು ಹಗ್ಗದ ಹತ್ತಿರ ಹೋಗಿ ಗಂಟು ನೋಡಿದಳು. ಸೋಮವಾರ ಅವಳು ಹಾಕಿದ್ದು ಬಿಗಿ ಗಂಟು. ನಿನ್ನೆ ಮಕ್ಕಳು ಹಾಕಿದ್ದು ಬೇರೆ, ಎರಡೂ ತುದಿಗೆ ಲಾರಿಯವರ ಗಂಟು, ಇಳಿಸಬೇಕಾದಾಗ ಒಂದೆಳೆತಕ್ಕೆ ಬಿಚ್ಚುವಂಥದ್ದು. ಒಬ್ಬ ಅದೇ ಗಂಟು ಹಾಕಿದ್ದು ಇನ್ನೊಬ್ಬನಿಗೆ ಗೊತ್ತಿರಲಿಕ್ಕಿಲ್ಲ. ಅವಳೂ ಹೇಳಲು ಹೋಗಲಿಲ್ಲ.